ರೊಟ್ಟಿ ಬಿಟ್ಟು ತುಪ್ಪ ಉಳಿಸಿಕೊಂಡವನು

ಬಾಹುಬಲಿ ಚೌಗುಲೆ ಹೊಗಳಿಕೆಗೆ ಹಸಿದ ಮನುಷ್ಯ. ಅನ್ನ ಬಿಟ್ಟರೂ ಬಿಟ್ಟಾನು, ನಾಲ್ಕು ಜನರ ಶಾಬಾಸ್‌ಗಿರಿ ಬಿಡಲಾರ. ಅವನ ಹೆಂಡತಿ ಅಲಕಾ ಇದನ್ನು ಮದುವೆಯಾದ ವರ್ಷವೇ ಅರಿತಿದ್ದಳು. ಅರಿತ ಮೇಲೆ ಅದಕ್ಕಾಗಿ ಅಳಲಿಲ್ಲ, ಯಾರ ಮುಂದೆಯೂ ಆಡಿಕೊಳ್ಳಲೂ ಇಲ್ಲ. ಜೊತೆಯವನು ಕುಂಟನಾದರೆ ಅವನ ಹೆಜ್ಜೆಗೆ ತಕ್ಕಂತೆ ಹೇಗೆ ನಡೆಯಬೇಕಾಗುತ್ತದೋ ಹಾಗೆ ನಡೆದುಕೊಂಡು ಬಂದಳು.

ಅವನು ಸಮಡೋಳಿಯ ಒಕ್ಕಲುತನದ ಜೈನರ ಮನೆಯಲ್ಲಿ ಹುಟ್ಟಿದವನು. ಹರೆಯದಲ್ಲಿ ಮದುವೆಯ ಪಂಕ್ತಿಗಳಲ್ಲಿ ಪಂಥ ಕಟ್ಟಿ ಜಿಲೇಬಿ ತಿನ್ನುತ್ತಿದ್ದ. ಬಡಿಸುವವರು ಸೋತು ಬುಟ್ಟಿ ಕೆಳಗಿಟ್ಟಾಗ ಪಂಕ್ತಿಯೆಲ್ಲ ಕೇಕೆ ಹಾಕುತ್ತಿತ್ತು. ಮುಂದೆ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿ ಹಾಕಿದ, ವಿಶ್ರಾಮಬಾಗದಲ್ಲಿ ಮನೆ ಕಟ್ಟಿದ. ಸಂಜೆ ಸೌದಾ ಮುಗಿದ ಮೇಲೆ ವ್ಯಾಪಾರಿಗಳ ಜೊತೆ ಮಿಸಳ, ಮೆಣಸಿನಕಾಯಿ ಭಜಿ, ಖಾರದ ಭಡಂಗ ಚುರುಮುರಿ, ಅದರ ಮೇಲೆ ಎರಡು ಸಲ ಚಹ. ಮನೆಗೆ ಬಂದ ಮೇಲೆ ಹೊತ್ತು ಮೀರಿ ಮತ್ತೊಂದು ಊಟ. ಉಂಡ ಕೈ ಆರುವ ಮೊದಲೇ ಹಾಸಿಗೆ. ಹುಳಿ ನೀರು ಗಂಟಲಿಗೆ ಬರುವುದು, ಎದೆಯ ನಡುವೆ ಕೆಂಡ ಇಟ್ಟಂತಾಗುವುದು ಆಗಲೇ ಶುರುವಾಯಿತು. ಸೋಡಾ ಕುಡಿದ, ಗುಲಾಬಿ ಬಣ್ಣದ ಔಷಧಿ ಕುಡಿದ, ವರ್ಷಗಟ್ಟಲೆ ಹಾಗೆಯೇ ದೂಡಿದ.

ಒಂದು ಮಳೆಗಾಲ ಮುನಿಮಹಾರಾಜರೊಬ್ಬರು ಚಾತುರ್ಮಾಸಕ್ಕೆಂದು ಹತ್ತಿರದ ಬಸದಿಯಲ್ಲಿ ನೆಲೆನಿಂತರು. ಊರಿಗೆ ಊರೇ ಅವರ ಮುಂದೆ ಕುಳಿತಿದ್ದಾಗ ಬಾಹುಬಲಿ ಎದ್ದು ನಿಂತು, ಇನ್ನು ಮುಂದೆ ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ನೇಮ ತೆಗೆದುಕೊಂಡ. ಜೈನರಲ್ಲಿ ಇದು ಹೊಸದಲ್ಲ. ಆದರೆ ಪಂಥ ಕಟ್ಟಿ ಜಿಲೇಬಿ ತಿಂದವನು ಹಾಗೆ ಹೇಳಿದ್ದು ಹೊಸದು, ಆದ್ದರಿಂದ ಸಭೆ ಜಯಕಾರ ಹಾಕಿತು.

ನೇಮದ ಫಲ ನಿಜವಾಗಿಯೂ ಸಿಕ್ಕಿತು. ಮಲಗುವ ಹೊತ್ತಿಗೆ ಹೊಟ್ಟೆ ಖಾಲಿಯಾಗಿರುತ್ತಿತ್ತು, ಹುಳಿ ಮೇಲೇರುವುದು ಕಡಿಮೆಯಾಯಿತು. ಅಲಕಾ ಒಂದೊಂದಾಗಿ ಉಳಿದದ್ದನ್ನೂ ತಿದ್ದಿದಳು. ಮಸಾಲೆಖಾರ ಅರ್ಧಕ್ಕಿಳಿಸಿದಳು, ಕರಿದದ್ದನ್ನು ನಿಲ್ಲಿಸಿದಳು, ತೊಗರಿಯ ಜಾಗಕ್ಕೆ ಹೆಸರುಬೇಳೆ ತಂದಳು. ಸೋರೆಕಾಯಿ, ಪಡವಲಕಾಯಿ ಮನೆಗೆ ಬಂದವು, ಚಹದ ಪಾತ್ರೆ ಅಟ್ಟ ಸೇರಿತು. ಒಂದೇ ಸಲ ಹೊಟ್ಟೆಬಿರಿಯ ಉಣ್ಣಿಸುವುದನ್ನು ಬಿಟ್ಟು ಹಗಲಲ್ಲೇ ಸ್ವಲ್ಪ ಸ್ವಲ್ಪವಾಗಿ ಬಡಿಸಿದಳು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಡಿಸಿದಳು. ಇದೆಲ್ಲ ಸರಿಯಾದ ಕೆಲಸವೇ. ಓದಿದ ವೈದ್ಯರೂ ಇದನ್ನೇ ಹೇಳುತ್ತಾರೆ. ಬೆವರು ಅಲಕಾಳದು, ಕೀರ್ತಿ ಬಾಹುಬಲಿಯದು.

ಅವನು ಅಂಗಡಿಯ ಗಾದಿಯ ಮೇಲೆ ಕುಳಿತು ಪಥ್ಯ ಹೇಳುವವನಾದ. ಎದೆ ಉರಿಯುವವರೆಲ್ಲ ಅರಿಶಿನದ ಚೀಲಗಳ ನಡುವೆ ಬಂದು ಕೂರುತ್ತಿದ್ದರು. "ಬಾಯಿ ಕಟ್ರಿ. ಬಾಯಿ ಕಟ್ಟಿದಂವಗ ದವಾಖಾನಿ ಬಾಗಿಲಾ ನೋಡೂ ಪಾಳಿ ಇಲ್ಲ," ಎಂಬುದು ಅವನ ಮಾತು. ಜನ ಅದನ್ನು ಅವನ ಹೆಸರು ಹೇಳಿ ಬೇರೆ ಕಡೆ ಆಡತೊಡಗಿದರು. ಮಗ್ಗುಲ ಅಂಗಡಿಯ ಗುರಲಿಂಗ ಮಾತ್ರ ಲಿಂಗಾಯತರವನು, ಮುನಿಗಳ ಭಯವಿಲ್ಲದವನು, ತಮಾಷೆ ಮಾಡುತ್ತಿದ್ದ.

"ಏ ಬಾಹುಬಲಿ, ಇವತ್ತೇನ ಬಿಟ್ಟಿ?"

"ಚಹಾ ಬಿಟ್ಟೆ, ಖಾರ ಬಿಟ್ಟೆ, ಎಣ್ಣಿ ಬಿಟ್ಟೆ."

"ಹಿಂಗ ಬಿಟಗೋತ ಹ್ವಾದರ ಒಂದ ದಿನಾ ಅಂಗಡಿನೂ ಬಿಡ್ತಿ. ಬಿಡೂ ಮೊದಲ ನನಗೊಂದ ಮಾತ ಹೇಳಪಾ, ಗ್ವಾಡಿ ಒಡದ ಒಂದ ಮಾಡಕೋತೇನಿ."

ಎಲ್ಲರೂ ನಕ್ಕರು. ಬಾಹುಬಲಿಯೂ ನಕ್ಕ. ಆ ತಮಾಷೆಯೂ ಅವನಿಗೆ ಹೊಗಳಿಕೆಯೇ ಆಗಿತ್ತು.

ಹೀಗೆ ಕೆಲವು ವರ್ಷ ಹೋದವು. ನಡುನಡುವೆ ಉರಿ ಬರುತ್ತಿತ್ತು, ಅವನು ಒಪ್ಪಿಕೊಳ್ಳುತ್ತಿರಲಿಲ್ಲ. ಆಮೇಲೆ ಉರಿ ಪೂರ್ತಿ ನಿಂತೇಹೋಯಿತು. ಹುಳಿ ಉಪ್ಪಿನಕಾಯಿ ತಿಂದರೂ ಎದೆ ಸುಮ್ಮನಿತ್ತು. "ಗೆದ್ದೆ," ಎಂದು ಅವನು ಯಾರ್ಡಿನಲ್ಲೆಲ್ಲ ಸಾರಿದ. ಅದೇ ಚಳಿಗಾಲದಲ್ಲಿ, ಯಾರೂ ಕೇಳದಿದ್ದರೂ, ಬಸದಿಗೆ ಹೋಗಿ ಜೋಳದ ರೊಟ್ಟಿ ಬಿಡುವ ನೇಮ ಹಿಡಿದು ಬಂದ.

ಅಲಕಾಳಿಗೆ ಇದು ವಿಚಿತ್ರವೆನಿಸಿತು. ಅವರಲ್ಲಿ ರಸತ್ಯಾಗವೆಂದು ಒಂದಿದೆ. ಅದನ್ನು ಹಿಡಿಯುವವರು ಉಪ್ಪು, ಸಕ್ಕರೆ, ತುಪ್ಪ, ಎಣ್ಣೆ, ಹಾಲು, ಮೊಸರು ಇವುಗಳಲ್ಲಿ ಒಂದನ್ನೋ ಎರಡನ್ನೋ ಬಿಡುತ್ತಾರೆ. ನಾಲಿಗೆ ಬೇಡುವುದನ್ನು ಬಿಡುವುದೇ ಅದರ ಅರ್ಥ. ಸಪ್ಪೆ ರೊಟ್ಟಿಯನ್ನು ಬಿಟ್ಟು ತುಪ್ಪವನ್ನು ಉಳಿಸಿಕೊಂಡವನನ್ನು ಅವಳು ಕೇಳಿರಲಿಲ್ಲ. ಆಗ ಅಲ್ಲಿಗೆ ಬಂದಿದ್ದ ಮಹಾರಾಜರೂ, "ಉಪ್ಪು ಬಿಡತೀಯೇನು?" ಎಂದು ಕೇಳಿದ್ದರಂತೆ. "ಮುಂದ ನೋಡೂಣ್ರಿ," ಎಂದಿದ್ದನಂತೆ.

ಮುಂದೆ ಅವನು ಬಿಟ್ಟದ್ದು ಚಪಾತಿ. ಅದರ ಬೆನ್ನಿಗೆ ಇನ್ನೊಂದು ನೇಮ, ಮೌನದಿಂದ ಉಣ್ಣುವುದು. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬನೇ ಕುಳಿತು, ಬಾಗಿಲು ಮುಂದೆ ಮಾಡಿಕೊಂಡು ಉಣ್ಣತೊಡಗಿದ. ಬಂದವರು ಹೊರಗೆ ಕುಳಿತು, ಈ ಕಾಲದಲ್ಲಿ ಇಂಥ ಶ್ರಾವಕ ಸಿಗುವುದಿಲ್ಲ ಎಂದು ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಿದ್ದರು. ಅಲಕಾ ಬಾಗಿಲ ಸಂದಿಯಿಂದ ನೋಡಿದಳು. ಅವನು ಮೆತ್ತಗೆ ಕಲಸಿದ ಅನ್ನವನ್ನು ಬಹಳ ಹೊತ್ತು ಅಗಿಯುತ್ತಿದ್ದ, ಅನ್ನವನ್ನಲ್ಲ ಹಗ್ಗವನ್ನು ಅಗಿಯುವವನ ಹಾಗೆ. ತುತ್ತು ನುಂಗುವ ಮೊದಲು ಕಣ್ಣು ಮುಚ್ಚುತ್ತಿದ್ದ. ನುಂಗಿದ ಮೇಲೆ ಬೆನ್ನು ಸೆಟೆಸಿ, ಕುತ್ತಿಗೆ ಮುಂದೆ ಚಾಚಿ ಕಾಯುತ್ತಿದ್ದ. ಕೆಲವು ಸಲ ತುತ್ತು ಕೆಳಗಿಳಿಯುತ್ತಿತ್ತು. ಕೆಲವು ಸಲ ಅವನು ಸದ್ದಿಲ್ಲದೆ ಎದ್ದು ಹಿತ್ತಲ ಮೋರಿಗೆ ಹೋಗುತ್ತಿದ್ದ. ಅವನು ನೀರು ಸುರಿದು ಬಂದ ಮೇಲೂ ಮೋರಿಯ ಅಂಚಿನಲ್ಲಿ ಬಿಳಿ ನೊರೆ ಉಳಿದಿರುತ್ತಿತ್ತು. ಅದರಲ್ಲಿ ಹುಳಿ ವಾಸನೆ ಇರಲಿಲ್ಲ. ಹೊಟ್ಟೆಯನ್ನೇ ಮುಟ್ಟದ ಅನ್ನಕ್ಕೆ ಹುಳಿ ಎಲ್ಲಿಂದ ಬರಬೇಕು.

ಅವಳು ಒಂದು ದಿನ ಕೇಳಿದಳು. "ತುತ್ತ ಇಳೀವಲ್ದೇನ್ರಿ?"

"ಮೌನದಾಗ ಇದ್ದಾಗ ಮಾತಾಡಸಬಾರದು ಅಂತ ತಿಳಿಯೂದಿಲ್ಲೇನು ನಿನಗ?"

"ಈಗ ಊಟ ಆಗೇತೆಲ್ರಿ."

"ಆಗೇತೆಲ್ಲ. ಅಂದ ಮ್ಯಾಲ ಇಳದೈತಿ."

ಅನ್ನವನ್ನು ಶ್ರಾವಣದಲ್ಲಿ ಬಿಟ್ಟ. ಆ ವರ್ಷ ಕೃಷ್ಣೆಯ ನೀರು ಘಾಟಿನ ಮೆಟ್ಟಿಲುಗಳನ್ನೆಲ್ಲ ನುಂಗಿ ಮೇಲೆ ಬರುತ್ತಿತ್ತು, ಜನರ ಗಮನ ಅತ್ತ ಇತ್ತು. ಅವನ ಅಂಗಿಯ ಕಾಲರಿನಲ್ಲಿ ಈಗ ಎರಡು ಕುತ್ತಿಗೆ ಹಿಡಿಸುತ್ತಿದ್ದವು. ಪಾಯಿಜಾಮದ ಲಾಡಿ ಎಳೆದಷ್ಟೂ ಬಟ್ಟೆ ನೆರಿಗೆಯಾಗಿ ಉಳಿಯುತ್ತಿತ್ತು. ದನಿ ಒಡೆದು ಗೊಗ್ಗರಾಯಿತು. ಬಸದಿಗೆ ಬಂದ ಹೆಂಗಸರು ಅಲಕಾಳ ಕೈ ಹಿಡಿದು, "ಪುಣ್ಯವಂತಿ ಅದೀ. ಮುಖದ ಮ್ಯಾಲ ಎಂಥಾ ತೇಜ ಬಂದೈತಿ ನಿಮ್ಮನಿಯವರಿಗೆ," ಎಂದರು. ಅಲಕಾ ಗಂಡನ ಮುಖವನ್ನು ದೂರದಿಂದ ನೋಡಿದಳು. ಕೆನ್ನೆಯ ಮಾಂಸ ಹೋಗಿ ಎಲುಬಿನ ಮೇಲೆ ಚರ್ಮ ಬಿಗಿದುಕೊಂಡಿತ್ತು, ಬೆಳಕು ಬಿದ್ದಾಗ ಹೊಳೆಯುತ್ತಿತ್ತು. ಅವರು ತೇಜ ಎಂದದ್ದು ಅದಕ್ಕೆ.

ಆ ಸಂಜೆ ಅವಳು ಸೋರೆಕಾಯಿ ಹೆಚ್ಚುತ್ತ ಕುಳಿತಿದ್ದಾಗ, ಅವನು ಬಿಟ್ಟದ್ದೆಲ್ಲ ತಾನಾಗಿಯೇ ಸಾಲು ಹಿಡಿದು ಅವಳ ಮುಂದೆ ನಿಂತಿತು. ಮೊದಲು ರೊಟ್ಟಿ, ಆಮೇಲೆ ಚಪಾತಿ, ಆಮೇಲೆ ಅನ್ನ. ಗಟ್ಟಿಯದು, ಅದಕ್ಕಿಂತ ಮೆತ್ತನೆಯದು, ಅದಕ್ಕಿಂತಲೂ ಮೆತ್ತನೆಯದು. ಈ ಸಾಲನ್ನು ಯಾವ ಶಾಸ್ತ್ರವೂ ಹಾಕಿಕೊಟ್ಟಿರಲಿಲ್ಲ. ಅವನ ಗಂಟಲಿನೊಳಗೆ ಕುಳಿತ ಯಾವುದೋ ಒಂದು ಹಾಕಿಕೊಟ್ಟಿತ್ತು. ಅದು ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬಂದಿತ್ತು, ಇವನು ಅದರ ಪ್ರತಿಯೊಂದು ಹೆಜ್ಜೆಗೂ ಒಂದು ವ್ರತದ ಹೆಸರಿಟ್ಟಿದ್ದ.

ಮರುದಿನ ಅವಳು ಸಿಟಿ ಬಸ್ಸು ಹತ್ತಿ ಮಿರಜಕ್ಕೆ ಹೋದಳು. ಹೊಟ್ಟೆಯ ರೋಗ ನೋಡುವ ಸ್ನೇಹಲ ಎಂಬ ಡಾಕ್ಟರು ಅಲ್ಲಿ ಇದ್ದಳು. ಅಥಣಿ, ರಾಯಬಾಗದ ಕಡೆಯ ರೋಗಿಗಳೇ ಹೆಚ್ಚು ಬರುವುದರಿಂದ ಕನ್ನಡ ಕಲಿತಿದ್ದಳು.

"ಪೇಶಂಟ್ ಎಲ್ಲಿ ಅದಾರ್ರಿ?"

"ಅವರು ಬರಾಂಗಿಲ್ರಿ. ಅವರಿಗೆ ಏನೂ ಆಗಿಲ್ಲ. ತ್ಯಾಗ ಮಾಡ್ಯಾರ."

"ಏನೇನ ತ್ಯಾಗ ಮಾಡ್ಯಾರ?"

ಅಲಕಾ ಸಾಲಾಗಿ ಹೇಳಿದಳು. ಸ್ನೇಹಲ ಬರೆಯುವ ಕೈ ನಿಲ್ಲಿಸಿದಳು. "ಈಗೇನ ಉಣತಾರ?"

"ಹೆಸರಿನ ಕಟ್ಟು, ಗಂಜಿ. ಮ್ಯಾಲ ತುಪ್ಪ ಹಾಕತೇನ್ರಿ."

"ನೀರು?"

"ಇಳೀತೈತ್ರಿ."

"ಸದ್ಯಕ್ಕ," ಎಂದಳು ಸ್ನೇಹಲ.

"ಉರಿ ನಿಂತೈತಿ ಅಂತಾರಲ್ರಿ. ನಾ ಅಷ್ಟ ವರ್ಷ ಪಥ್ಯ ಮಾಡಿ ಹಾಕೇನಿ. ಎಲ್ಲಾ ಸುಳ್ಳಾತೇನ್ರಿ?"

"ಸುಳ್ಳ ಅಲ್ಲ. ಹುಳಿ ತಡಿಯಾಕ ನೀವು ಮಾಡಿದ್ದೆಲ್ಲಾ ಬರೋಬರಿ ಐತಿ. ಆದರ ಅದಕ್ಕಿಂತ ಮೊದಲ ಎಷ್ಟ ವರ್ಷ ಹುಳಿ ಬಡದೈತಿ ಅನ್ನ ಇಳಿಯೂ ನಳಗಿಗೆ? ಅಷ್ಟ ವರ್ಷ ಬಡಿಸಿಕೊಂಡ ಮ್ಯಾಲ ಒಳಗಿನ ಪದರ ಬದಲ ಆಗಬಹುದು. ಹಂಗ ಬದಲ ಆದ ಜಾಗಾಕ್ಕ ಉರಿ ಸರಿಯಾಗಿ ತಿಳಿಯೂದಿಲ್ಲ. ಉರಿ ನಿಂತು, ತುತ್ತ ನಿಲ್ಲಾಕ ಹತ್ತಿದರ ಅದು ಆರಾಮ ಅಲ್ರಿ. ಬರೇ ಗಾಯದ ಕಲಿ ಬಿದ್ದ ನಳಗಿ ಸಣ್ಣ ಆಗಿರಬಹುದು, ಗಂಟನೂ ಇರಬಹುದು. ಬಾಯಾಗಿಂದ ದುರ್ಬೀನ ಇಳಿಸಿ ನೋಡಲಾರದ ಯಾರಿಗೂ ಹೇಳಾಕ ಬರಾಂಗಿಲ್ಲ. ತುತ್ತ ಸಿಗಬೀಳೂದಕ್ಕ ಪಥ್ಯ ಅನ್ನೂದ ಇಲ್ಲ. ಈ ವಾರದಾಗ ಕರಕೊಂಡ ಬರ್ರಿ."

ಬಸ್ಸಿನಲ್ಲಿ ಮರಳಿ ಬರುವಾಗ ಅಲಕಾ ಕಿಟಕಿಯ ಸರಳು ಹಿಡಿದುಕೊಂಡೇ ಕುಳಿತಿದ್ದಳು. ಅಳುವ ಅಭ್ಯಾಸ ಅವಳಿಗಿರಲಿಲ್ಲ. ಅವಳು ಯೋಚಿಸಿದ್ದು ಒಂದೇ: ಇವನನ್ನು ಆ ದುರ್ಬೀನಿನ ಮೇಜಿನ ಮೇಲೆ ಮಲಗಿಸುವುದು ಹೇಗೆ.

ಮನೆಯಲ್ಲಿ ಅವನು ಪೂರ್ತಿ ಕೇಳಿದ. ಸಿಟ್ಟಾಗಲಿಲ್ಲ, ಅದೇ ಅವಳನ್ನು ಹೆದರಿಸಿತು.

"ದಶಲಕ್ಷಣ ಮುಗೀಲಿ," ಎಂದ. ಭಾದ್ರಪದದ ಆ ಹತ್ತು ದಿನಗಳ ಪರ್ವದಲ್ಲಿ ಅವನು ದಿನಕ್ಕೊಮ್ಮೆ ಮಾತ್ರ ಕುಳಿತು ಉಣ್ಣುವ ಏಕಾಶನ ಹಿಡಿಯುವವನಿದ್ದ. ಕೊನೆಗೆ ಪಾರಣೆಯ ದಿನ ಬಸದಿಯ ಸಭಾಭವನದಲ್ಲಿ ಅವನಿಗೆ ಶಾಲು ಹೊದಿಸುವವರಿದ್ದರು.

"ಅಂದರ ನಿಮಗ ಗೊತ್ತೈತಿ."

ಅವನು ಸಡಿಲಾದ ಕಾಲರು ಸರಿಮಾಡಿಕೊಂಡ.

"ಎಂದಿನಿಂದ ಗೊತ್ತೈತಿ?"

"ರೊಟ್ಟಿ ಬಿಟ್ಟಾಗಿಂದ." ಅವನೇ ಮುಂದುವರಿಸಿದ, "ನಾ ಏನಂತ ಹೋಗಲಿ ದವಾಖಾನಿಗೆ? ಬಾಯಿ ಕಟ್ಟಿದಂವಗ ಬಾಗಿಲಾ ನೋಡೂ ಪಾಳಿ ಇಲ್ಲ ಅಂತ ಊರ ತುಂಬ ಹೇಳಕೋತ ಬಂದೇನಿ. ಆ ಗುರಲಿಂಗ ಎಷ್ಟ ನಗತಾನ ಗೊತ್ತೈತೇನು?"

"ಗುರಲಿಂಗ ನಗತಾನಂತ ನೀವು ಸಾಯ್ತೀರಿ?"

"ಸಾವು ಅನ್ನಬ್ಯಾಡ. ನೀ ಯಾರಿಗೂ ಹೇಳಬ್ಯಾಡ. ಪಾರಣಿ ಆಗಲಿ, ಆಮ್ಯಾಲ ನೋಡೂಣು."

ಆಮೇಲೆಯೂ ಅವನು ಬರಲಾರ ಎಂದು ಅಲಕಾಳಿಗೆ ಗೊತ್ತಿತ್ತು. ಶಾಲು ಹೊದ್ದ ಮೇಲೆ ಅದನ್ನು ಕಾಯುವ ಕೆಲಸ ಇನ್ನೂ ದೊಡ್ಡದಾಗುತ್ತದೆ. ಅವಳು ಮ್ಹೈಸಾಳದಲ್ಲಿರುವ ತನ್ನ ತಮ್ಮ ಭೂಷಣನಿಗೆ ಫೋನು ಮಾಡಿದಳು. ಭೂಷಣ ಕಬ್ಬು ಬೆಳೆಯುವವನು, ಹೆಗಲು ಅಗಲವಾದವನು. ಅಕ್ಕನ ಗಂಡನನ್ನು ಅವರ ಕಡೆಯ ರೂಢಿಯಂತೆ ದಾಜಿ ಎಂದು ಕರೆಯುತ್ತಿದ್ದ, ದೇವರ ನಂತರ ಅವನನ್ನೇ ನಂಬುತ್ತಿದ್ದ. ಮನೆಯ ತುಂಬ ಬಂದುಹೋಗುವವರಿದ್ದುದರಿಂದ ಅವಳು ಕಾರಣ ಹೇಳಲಿಲ್ಲ. "ಪಾರಣಿ ದಿನಾ ಗಾಡಿ ತಗೊಂಡ ಬಾ. ನಿನ್ನ ದಾಜಿನ್ನ ನಿಮ್ಮನಿಗೆ ಕರಕೊಂಡ ಹೋಗೂ ನೆವಾ ಮಾಡೂಣು. ದಾರ್ಯಾಗ ಮಿರಜದಾಗ ಒಂದ ಕೆಲಸ ಐತಿ. ಅವರು ಒಲ್ಲೆ ಅಂದರೂ ನೀ ಇಳಿಸಬೇಕು," ಎಂದಷ್ಟೇ ಹೇಳಿದಳು. ಭೂಷಣ ಆಗಲಿ ಎಂದ.

ಏಕಾಶನದ ದಿನಗಳಲ್ಲಿ ಗಂಜಿಯೂ ಎರಡು ಸಲ ಸೋಸಬೇಕಾಯಿತು. ಹೆಸರಿನ ಸಿಪ್ಪೆಯ ಒಂದು ಚೂರು ಉಳಿದರೂ ಅವನು ಹಿತ್ತಲಿಗೆ ಎದ್ದು ಹೋಗುತ್ತಿದ್ದ. ಅಲಕಾ ತೆಳುವಾದ ಧೋತರದ ತುಂಡಿನಲ್ಲಿ ಸೋಸಿದಳು. ಸೋಸುವಾಗ ಪ್ರತಿದಿನವೂ, ನಾಳೆ ನೀರೂ ಇಳಿಯದ ಪಾಳಿ ಬಂದರೆ, ಎಂಬ ವಿಚಾರ ಬರುತ್ತಿತ್ತು. ಅವಳು ಅದನ್ನು ಮುಂದುವರಿಯಲು ಬಿಡುತ್ತಿರಲಿಲ್ಲ.

ಪಾರಣೆಯ ದಿನ ಸಭಾಭವನ ತುಂಬಿತ್ತು. ಉಪವಾಸ ಮಾಡಿದವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಬಾಹುಬಲಿಗೆ ಶಾಲು ಹೊದಿಸಿ ಕೈಯಲ್ಲಿ ತೆಂಗಿನಕಾಯಿ ಕೊಟ್ಟಾಗ ಆ ಭಾರಕ್ಕೆ ಅವನ ಮಣಿಕಟ್ಟು ಒಮ್ಮೆ ಕೆಳಗೆ ಹೋಗಿ ಬಂತು. ಜಯಕಾರವಾಯಿತು. ಅವನು ಕೈಮುಗಿದ. ಆ ಕ್ಷಣದಲ್ಲಿ ಅವನ ಮುಖದಲ್ಲಿ ಜಿಲೇಬಿಯ ಪಂಕ್ತಿಯ ಹುಡುಗನದೇ ತೃಪ್ತಿ ಇತ್ತು. ಅಲಕಾ ಅದನ್ನು ಕಂಡು ಕಣ್ಣು ಬೇರೆ ಕಡೆ ತಿರುಗಿಸಿದಳು.

ಊಟಕ್ಕೆ ಎಲ್ಲರೂ ಸಾಲಾಗಿ ಕುಳಿತರು. ಬಾಹುಬಲಿಯ ಮುಂದೆ ಗಂಜಿಯ ಬಟ್ಟಲು ಇತ್ತು. ಅವನು ಮೌನ ಹಿಡಿದು ಕಣ್ಣು ಕೆಳಗೆ ಮಾಡಿಕೊಂಡಿದ್ದ. ಮಗ್ಗುಲಿಗೆ ಭೂಷಣ ಕುಳಿತ. ರೊಟ್ಟಿ ಬಡಿಸುತ್ತ ಬಂದ ಅಲಕಾ ತಮ್ಮನನ್ನು ದಿಟ್ಟಿಸಿದಳು. ಬೇಸಿಗೆಯಲ್ಲಿ ಕಂಡಾಗ ತುಂಬಿದ್ದ ಗಲ್ಲ ಈಗ ಇರಲಿಲ್ಲ. ಬಿಸಿಲಿನ ಕೆಲಸ, ಇರಬಹುದು ಎಂದುಕೊಂಡು ಅವನ ತಾಟಿಗೆ ರೊಟ್ಟಿ ಹಾಕಿದಳು. ಭೂಷಣ ಅದನ್ನು ಮುರಿಯದೆ ಅಂಚಿಗೆ ಸರಿಸಿದ.

"ಯಾಕೋ ಭೂಷಣ, ಅಕ್ಕನ ಕೈಯಾಗಿನ ರೊಟ್ಟಿ ಒಲ್ಲ್ಯಾ? ಹೇಣತಿ ಮಾಡಿದ್ದ ಬೇಕೇನು?" ಎಂದು ಎದುರು ಸಾಲಿನ ಮುದುಕನೊಬ್ಬ ಕೆಣಕಿದ.

"ಇಲ್ರಿ ಕಾಕಾ, ನಾನೂ ಬಿಟ್ಟೇನಿ," ಎಂದ ಭೂಷಣ. ಅವನ ದನಿಯಲ್ಲಿ ಹೆಮ್ಮೆ ಇತ್ತು. "ದಾಜಿ ದಾರಿ ಹಿಡದೇನಿ. ಮೊದಲ ಎದಿ ಉರೀತಿತ್ತು, ಇವರ ಹೇಳಿದಾಂಗ ಪಥ್ಯ ಮಾಡಿದ್ನಿ, ಕಡಿಮಿ ಆತು. ಬ್ಯಾಸಗ್ಯಾಗ ರೊಟ್ಟಿ ಎದ್ಯಾಗ ನಿಲ್ಲಾಕ ಹತ್ತಿತ್ತು ನೋಡ್ರಿ. ಮನ್ಯಾಗ ಇಕಿ, ಡಾಕ್ಟರ ಕಡೆ ಹೋಗ್ರಿ ಡಾಕ್ಟರ ಕಡೆ ಹೋಗ್ರಿ ಅಂತ ಗಂಟ ಬಿದ್ಲು. ನಾ ಅಂದೆ, ನಮ್ಮ ದಾಜಿ ಯಾವ ಡಾಕ್ಟರಿಗೆ ತೋರಿಸ್ಯಾರ? ರೊಟ್ಟಿ ಬಿಟ್ಟಬಿಟ್ಟೆ, ಆರಾಮ ಆತು. ಈಗೀಗ ಚಪಾತಿನೂ ಹಂಗ ಮಾಡಾಕತ್ತೈತಿ." ಅವನು ಬಾಹುಬಲಿಯ ಕಡೆ ಬಾಗಿದ. "ದಾಜಿ, ಚಪಾತಿ ಆದ ಮ್ಯಾಲ ಏನ ಬಿಡೂದ್ರಿ?"

ಸಾಲೆಲ್ಲ ನಕ್ಕಿತು. "ಹೇಣತೀನ ಬಿಡೋ," ಎಂದ ಮುದುಕ.

ಅಲಕಾ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಯಾರನ್ನು ಬಲಕ್ಕೆಂದು ಕರೆಸಿದ್ದಳೋ ಅವನೇ ಗಂಡನ ಬೆನ್ನು ಹಿಡಿದು ಅದೇ ಇಳಿಜಾರಿನಲ್ಲಿ ಬರುತ್ತಿದ್ದ, ಎರಡೇ ಹೆಜ್ಜೆ ಹಿಂದೆ, ನಗುತ್ತ. ತಾನೇ ಬಾಯಿ ತೆರೆದು ಹೇಳಬೇಕು ಎಂದು ಅವಳಿಗೆ ಅನಿಸಿತು. ಆದರೆ ತನ್ನ ಮಾತನ್ನು ಈ ಸಭೆ ನಂಬುವುದಿಲ್ಲ, ಭೂಷಣನಂತೂ ನಂಬುವುದಿಲ್ಲ. ಅವನು ನಂಬುವುದು ಒಬ್ಬನನ್ನು, ಆ ಒಬ್ಬ ಮೌನದಲ್ಲಿ ಕುಳಿತಿದ್ದ. ಮುಂದೆ ಆಗುವುದು ಅವಳಿಗೆ ಮೊದಲೇ ಕಂಡಿತು. ಬಾಹುಬಲಿ ಬಲಗೈ ಸ್ವಲ್ಪ ಮೇಲೆತ್ತಿ, ಹಿರಿಯರು ಹರಸುವ ಹಾಗೆ ತಮ್ಮನ ತಲೆಯ ಮೇಲೆ ಆಡಿಸುತ್ತಾನೆ. ಜನ ಮತ್ತೆ ಜಯಕಾರ ಹಾಕುತ್ತಾರೆ.

ಬಾಹುಬಲಿ ಬಲಗೈ ಎತ್ತಿದ. ಕೈ ತಲೆಯ ಕಡೆ ಹೋಗಲಿಲ್ಲ, ಭೂಷಣನ ತಾಟಿಗೆ ಹೋಯಿತು. ಅಂಚಿನಲ್ಲಿದ್ದ ರೊಟ್ಟಿಯಿಂದ ಒಂದು ತುಣುಕು ಮುರಿದು, ಎಲ್ಲರೂ ನೋಡುತ್ತಿರುವಾಗಲೇ ಬಾಯಿಗೆ ಹಾಕಿಕೊಂಡ.

ನಗು ನಿಂತಿತು. ನೇಮ ಮುರಿಯುವುದನ್ನು ಅವರು ಯಾರೂ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. "ಏನ ಮಾಡಾಕತ್ತೀರಿ?" ಎಂದು ಯಾರೋ ಕೇಳಿದರು. ಅವನು ಅಗಿಯುತ್ತಿದ್ದ. ಬೆನ್ನು ಸೆಟೆಸಿದ, ಕಣ್ಣು ಮುಚ್ಚಿದ, ನುಂಗಿದ. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು, ಕಣ್ಣಿನಿಂದ ನೀರು ಇಳಿಯಿತು, ಭುಜದ ಶಾಲು ಜಾರಿ ನೆಲಕ್ಕೆ ಬಿತ್ತು. ಅವನು ಹಿತ್ತಲಿಗೆ ಎದ್ದು ಹೋಗಲಿಲ್ಲ. ಅಲ್ಲೇ ಕುಳಿತು, ಕೆಳಗಿಳಿಯದ ತುತ್ತನ್ನು ಇದ್ದಂತೆಯೇ ತನ್ನ ಅಂಗೈಗೆ ಉಗುಳಿದ. ಆ ಅಂಗೈಯನ್ನು ಭೂಷಣನ ಮುಖದ ಮುಂದೆ ಚಾಚಿದ. ಭೂಷಣ ಹೇಸಿಕೊಂಡು ಮುಖ ತಿರುವಿದಾಗ, ಇನ್ನೊಂದು ಕೈಯಿಂದ ಅವನ ಗದ್ದ ಹಿಡಿದು, ತನ್ನ ಕಡೆ ತಿರುಗಿಸಿ, ನೋಡುವವರೆಗೂ ಬಿಡಲಿಲ್ಲ.